ಹೈದರಾಬಾದಿನ ಕೈತೋಟ: ಋತುಮಾನಕ್ಕೊಂದು ಕೈಪಿಡಿ

ಹೈದರಾಬಾದು ತೋಟಗಳ ಹೆಸರು ಹೊತ್ತ ನಗರ. ಬಷೀರ್‌ಬಾಗ್, ಬಾಗ್ ಲಿಂಗಂಪಲ್ಲಿ, ಜಾಂಬಾಗ್, ಮೂಸಾರಾಂಬಾಗ್ ಮೊದಲಾದ ಬಡಾವಣೆಗಳ ಹೆಸರಿನಲ್ಲಿರುವ 'ಬಾಗ್' ಎಂಬ ಶಬ್ದಕ್ಕೆ ತೋಟವೆಂದೇ ಅರ್ಥ. ನಾಂಪಲ್ಲಿಯ ಪಬ್ಲಿಕ್ ಗಾರ್ಡನ್ಸ್ ಅನ್ನು ಹಳೆಯ ತಲೆಮಾರಿನವರು ಇಂದಿಗೂ ಬಾಗ್-ಎ-ಆಮ್ ಎಂದೇ ಕರೆಯುತ್ತಾರೆ. ಇಂತಹ ನಗರದಲ್ಲಿ ನೆಲೆಸಿದ ಕನ್ನಡ ಕುಟುಂಬಗಳೂ ತಮ್ಮ ತಮ್ಮ ಊರಿನ ಗಿಡಗಳನ್ನು ಇಲ್ಲಿಗೆ ತಂದು ಬೆಳೆಸಿವೆ. 1956ರವರೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ಸಂಸ್ಥಾನ, ಅನಂತರ ಹೈದರಾಬಾದ್ ರಾಜ್ಯದ ಭಾಗವಾಗಿದ್ದುದರಿಂದ ಅಲ್ಲಿಂದ ಬಂದ ಮನೆತನಗಳಿಗೆ ಈ ಊರಿನ ಮಣ್ಣು ಹೊಸದಲ್ಲ. ಮೈಸೂರು, ಮಲೆನಾಡು, ಕರಾವಳಿಗಳಿಂದ ಉದ್ಯೋಗ ನಿಮಿತ್ತ ಬಂದವರಿಗೆ ಮಾತ್ರ ಇಲ್ಲಿಯ ಹವೆ ಮೊದಮೊದಲು ಕಠಿಣವೆನಿಸುತ್ತದೆ. ತವರಿನಿಂದ ಪ್ರೀತಿಯಿಂದ ತಂದ ಗಿಡ ಮೊದಲ ಬೇಸಗೆಯಲ್ಲೇ ಒಣಗಿಹೋಗುವುದು ಸಾಮಾನ್ಯ.

ಇದಕ್ಕೆ ಮುಖ್ಯ ಕಾರಣ ಕಾಲದ ಲೆಕ್ಕದಲ್ಲಿರುವ ವ್ಯತ್ಯಾಸ. ಈ ನಗರದಲ್ಲಿ ಯಾವ ತಿಂಗಳಲ್ಲಿ ಏನನ್ನು ನೆಡಬೇಕು, ಯಾವುದನ್ನು ಕತ್ತರಿಸಬೇಕು, ಯಾವುದಕ್ಕೆ ನೆರಳು ಕೊಡಬೇಕು ಎಂಬುದನ್ನು ತಿಳಿದುಕೊಂಡರೆ ನಾಲ್ಕು ಕುಂಡಗಳ ಬಾಲ್ಕನಿಯೂ ವರ್ಷವಿಡೀ ಸಂತೋಷ ಕೊಡಬಲ್ಲದು. ಆ ದೃಷ್ಟಿಯಿಂದ ಈ ಲೇಖನವನ್ನು ಋತುಗಳ ಕ್ರಮದಲ್ಲಿ ಸಿದ್ಧಪಡಿಸಲಾಗಿದೆ.

ನೆಲ, ನೀರು ಮತ್ತು ಹವೆ

ಹೈದರಾಬಾದು ದಖ್ಖನ್ ಪ್ರಸ್ಥಭೂಮಿಯ ಮೇಲೆ, ಸಮುದ್ರ ಮಟ್ಟದಿಂದ ಸುಮಾರು 540 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿನ ಎತ್ತರ ಸುಮಾರು 920 ಮೀಟರ್. ಆದುದರಿಂದಲೇ ಮೇ ತಿಂಗಳಲ್ಲಿ ಇಲ್ಲಿಯ ಹಗಲಿನ ಉಷ್ಣಾಂಶ ಬೆಂಗಳೂರಿಗಿಂತ ಐದಾರು ಡಿಗ್ರಿ ಹೆಚ್ಚಾಗಿರುತ್ತದೆ. 40 ಡಿಗ್ರಿ ಸೆಲ್ಸಿಯಸ್ ದಾಟುವ ದಿನಗಳು ಪ್ರತಿ ವರ್ಷವೂ ಬರುತ್ತವೆ. ವರ್ಷಕ್ಕೆ ಸರಾಸರಿ ಸುಮಾರು 800 ಮಿ.ಮೀ. ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರಿನದು. ಅಕ್ಟೋಬರ್‌ನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಮತ್ತಷ್ಟು ಮಳೆ ಬರುತ್ತದೆ. ನವೆಂಬರ್‌ನಿಂದ ಮೇ ತಿಂಗಳವರೆಗೆ ಮಳೆಯನ್ನು ನೆಚ್ಚಿಕೊಳ್ಳುವಂತಿಲ್ಲ.

ನಗರದ ಮಣ್ಣು ಹೆಚ್ಚಾಗಿ ಗ್ರಾನೈಟ್ ಶಿಲೆ ಶಿಥಿಲವಾಗಿ ಆದ ಕೆಂಪು ಮರಳು ಮಣ್ಣು. ನೀರು ಬೇಗ ಬಸಿದುಹೋಗುತ್ತದೆ; ಸಾರ ಕಡಿಮೆ. ಕೆಲವು ಕಡೆ ಎರೆಮಣ್ಣೂ ಉಂಟು. ಹೊಸ ಬಡಾವಣೆಗಳಲ್ಲಿ ಮನೆಯ ಸುತ್ತಲಿನ ಜಾಗವನ್ನು ಕಟ್ಟಡದ ಅವಶೇಷಗಳಿಂದ ತುಂಬಿಸಿರುವುದರಿಂದ ಸಿಮೆಂಟು, ಸುಣ್ಣ ಮಣ್ಣಿನಲ್ಲಿ ಸೇರಿಕೊಂಡಿರುತ್ತವೆ. ಮಣ್ಣಿನ ಮೇಲೆ ಸ್ವಲ್ಪ ವಿನೆಗರ್ ಹಾಕಿ ನೋಡಿದಾಗ ನೊರೆ ಎದ್ದರೆ ಸುಣ್ಣದ ಅಂಶ ಹೆಚ್ಚಿದೆಯೆಂದು ತಿಳಿಯಬೇಕು. ಇಂತಹ ಮಣ್ಣಿನಲ್ಲಿ ದಾಸವಾಳ, ಗುಲಾಬಿಗಳ ಎಳೆಯ ಎಲೆಗಳು ನರಗಳು ಮಾತ್ರ ಹಸಿರಾಗಿ ಉಳಿದು ಹಳದಿಯಾಗುತ್ತವೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ದೊರೆಯದಿರುವುದೇ ಇದಕ್ಕೆ ಕಾರಣ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಮತ್ತು 1 ಗ್ರಾಂ ನಿಂಬೆಹುಳಿಯ ಉಪ್ಪು ಬೆರೆಸಿ ಸಂಜೆ ಎಲೆಗಳಿಗೆ ಸಿಂಪಡಿಸಿದರೆ ಹಸಿರು ಮರಳುತ್ತದೆ. ಕಾಂಪೋಸ್ಟ್ ಗೊಬ್ಬರವನ್ನು ವರ್ಷ ವರ್ಷ ಸೇರಿಸುತ್ತ ಹೋಗುವುದು ಶಾಶ್ವತ ಪರಿಹಾರ.

ಬೋರ್‌ವೆಲ್ ನೀರು ಬಹುಪಾಲು ಗಡಸು. ಕುಂಡಗಳ ಹೊರಮೈಯಲ್ಲಿ, ಮಣ್ಣಿನ ಮೇಲೆ ಬಿಳಿಯ ಉಪ್ಪು ಕಟ್ಟುವುದು ಇದರ ಲಕ್ಷಣ. ಮಳೆಗಾಲದಲ್ಲಿ ಒಂದೆರಡು ಬಾರಿ ಕುಂಡಗಳನ್ನು ಬಯಲಿನಲ್ಲಿಟ್ಟು ಮಳೆಯ ನೀರು ಚೆನ್ನಾಗಿ ಹಾಯ್ದುಹೋಗುವಂತೆ ಮಾಡಿದರೆ ಈ ಉಪ್ಪು ತೊಳೆದುಹೋಗುತ್ತದೆ.

ತೋಟದ ವರ್ಷ ಎಲ್ಲಿಂದ ಆರಂಭ?

ಪಂಚಾಂಗದ ಪ್ರಕಾರ ಚೈತ್ರ ವೈಶಾಖಗಳು ವಸಂತ ಋತು. ಹೈದರಾಬಾದಿನಲ್ಲಿ ಚೈತ್ರ ಮಾಸವೆಂದರೆ ಬಿಸಿಲು ಬಲಿತಿರುವ ಕಾಲ. ಯುಗಾದಿಯ ಸಂಭ್ರಮದಲ್ಲಿ ಹೊಸ ಗಿಡಗಳನ್ನು ತಂದು ನೆಟ್ಟವರು ಒಂದು ತಿಂಗಳೊಳಗೆ ಅವುಗಳನ್ನು ಕಳೆದುಕೊಳ್ಳುವುದು ಇದರಿಂದಲೇ. ಇಲ್ಲಿ ತೋಟಗಾರನ ವರ್ಷ ಮೃಗಶಿರಾ ಮಳೆಯಿಂದ ಆರಂಭವಾಗುತ್ತದೆಂದು ಭಾವಿಸುವುದು ಕ್ಷೇಮ. ಸೂರ್ಯನು ಮೃಗಶಿರಾ ನಕ್ಷತ್ರವನ್ನು ಪ್ರವೇಶಿಸುವ ಜೂನ್ 7 ಅಥವಾ 8ರ ಸುಮಾರಿಗೆ ಈ ನಗರದಲ್ಲಿ ಆಸ್ತಮಾ ರೋಗಿಗಳಿಗೆ ಮೀನಿನ ಪ್ರಸಾದ ಹಂಚುವ ಪ್ರಸಿದ್ಧ ಪದ್ಧತಿಯೂ ಈ ದಿನಕ್ಕೇ ಹೊಂದಿಕೊಂಡಿದೆ. ಉತ್ತರ ಕರ್ನಾಟಕದ ರೈತರು 'ಮಿರಗ' ಎಂದು ಕಾಯುವ ಮಳೆಯೂ ಇದೇ. ಸಾಮಾನ್ಯವಾಗಿ ಜೂನ್ ಎರಡನೆಯ ವಾರದ ಹೊತ್ತಿಗೆ ಮುಂಗಾರು ನಗರವನ್ನು ಮುಟ್ಟುತ್ತದೆ.

ಮಳೆಗಾಲ: ಜೂನ್‌ನಿಂದ ಸೆಪ್ಟೆಂಬರ್

ಹೊಸ ಗಿಡ ನೆಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಹಣ್ಣಿನ ಗಿಡಗಳಿಗೆ ಎರಡು ಅಡಿ ಉದ್ದ, ಅಗಲ, ಆಳದ ಗುಂಡಿಯನ್ನು ಮೇ ತಿಂಗಳಲ್ಲೇ ತೋಡಿ ಬಿಸಿಲಿಗೆ ಬಿಟ್ಟಿರಬೇಕು. ಒಂದೆರಡು ಹದವಾದ ಮಳೆ ಬಿದ್ದ ನಂತರ ಮೇಲ್ಮಣ್ಣು, ಕಾಂಪೋಸ್ಟು, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ ಗಿಡ ನೆಡಬೇಕು. ಸಣ್ಣ ಅಂಗಳಕ್ಕೆ ನಿಂಬೆ, ಸೀಬೆ, ದಾಳಿಂಬೆ, ನುಗ್ಗೆ, ಕರಿಬೇವು ಸೂಕ್ತ. ಸೀತಾಫಲದಲ್ಲಿ ಮಹಬೂಬ್‌ನಗರ ಸೀಮೆಯ ಬಾಲಾನಗರ ತಳಿ ಹೆಸರುವಾಸಿ. ಅದು ಈ ಕಲ್ಲುನೆಲಕ್ಕೆ ಹೇಳಿ ಮಾಡಿಸಿದ ಗಿಡ. ಮಾವು ಬೇಕೆನ್ನುವವರು ದಶೇರಿ ಮತ್ತು ನೀಲಂ ತಳಿಗಳ ಸಂಕರದಿಂದ ಹುಟ್ಟಿದ ಆಮ್ರಪಾಲಿಯನ್ನು ಆರಿಸಿಕೊಳ್ಳಬಹುದು. ಅದು ಗಿಡ್ಡ ಜಾತಿಯಾದ್ದರಿಂದ ಕಡಿಮೆ ಜಾಗ ಸಾಕು.

ತರಕಾರಿಗಳಲ್ಲಿ ಬೆಂಡೆ, ಚವಳಿ, ಬದನೆ, ಮೆಣಸು, ಹೀರೆ, ಹಾಗಲ, ಸೋರೆ, ಪಡವಲ ಇವುಗಳನ್ನು ಜೂನ್ ಜುಲೈ ತಿಂಗಳಲ್ಲಿ ಬಿತ್ತಬೇಕು. ಸೊಪ್ಪುಗಳಲ್ಲಿ ಹರಿವೆ, ಬಸಳೆ, ಹೊನಗೊನ್ನೆ ಮತ್ತು ಪುಂಡಿ ಸುಲಭವಾಗಿ ಬರುತ್ತವೆ. ಕಲಬುರಗಿ, ರಾಯಚೂರು ಕಡೆಯವರ ಪುಂಡಿಪಲ್ಯವೂ ಈ ಊರಿನವರ ಗೋಂಗೂರವೂ ಒಂದೇ ಗಿಡದಿಂದ ಬಂದವು. ಬೀಜ ಕೊಳ್ಳುವಾಗ ಎರಡು ಹೆಸರಿನ ಗೊಂದಲ ಬೇಡ.

ಬಳ್ಳಿಗಳಲ್ಲಿ ಹೂವು ತುಂಬ ಬಿಟ್ಟು ಕಾಯಿ ಕಚ್ಚದಿರುವುದು ತಾರಸಿ ತೋಟದವರ ಸಾಮಾನ್ಯ ದೂರು. ಸೋರೆ, ಹೀರೆ, ಹಾಗಲಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಮೊದಲ ಎರಡು ವಾರ ಗಂಡು ಹೂಗಳೇ ಹೆಚ್ಚು. ಹೂವಿನ ಬುಡದಲ್ಲಿ ಎಳೆಗಾಯಿಯ ಆಕಾರವಿದ್ದರೆ ಅದು ಹೆಣ್ಣು. ಮೇಲಿನ ಅಂತಸ್ತುಗಳಿಗೆ ಜೇನು, ದುಂಬಿಗಳು ಬರುವುದು ಕಡಿಮೆಯಾದ್ದರಿಂದ ಗಂಡು ಹೂವನ್ನು ಕಿತ್ತು ಅದರ ಪರಾಗವನ್ನು ಹೆಣ್ಣು ಹೂವಿಗೆ ನಾವೇ ಸವರಬೇಕು. ಹಾಗಲದ ಹೂ ಬೆಳಗ್ಗೆ ಅರಳುತ್ತದೆ. ಹೀರೆ, ಸೋರೆಗಳದು ಸಂಜೆಯ ಹೊತ್ತು. ಸಮಯ ತಪ್ಪಿದರೆ ಶ್ರಮ ವ್ಯರ್ಥ.

ಹೂಗಳಲ್ಲಿ ಪಾರಿಜಾತ, ಸಂಪಿಗೆ, ನಂದಿಬಟ್ಟಲು, ಅಬ್ಬಲಿಗೆ ಈ ಕಾಲದಲ್ಲಿ ಕಳೆಗಟ್ಟುತ್ತವೆ. ನಾವು ಬ್ರಹ್ಮಕಮಲವೆಂದು ಕರೆಯುವ ಗಿಡ ಮಳೆಗಾಲದ ರಾತ್ರಿ ಅರಳಿ ಬೆಳಗಾಗುವುದರೊಳಗೆ ಬಾಡುತ್ತದೆ. ಇದು ಮೆಕ್ಸಿಕೋ ಕಡೆಯ ಪಾಪಾಸುಕಳ್ಳಿಯ ಜಾತಿ. ಹಿಮಾಲಯದ ಬ್ರಹ್ಮಕಮಲ ಬೇರೆಯೇ ಗಿಡ. ಮೊಗ್ಗು ತಲೆಯೆತ್ತಿ ಉಬ್ಬಿದ ದಿನ ಅಕ್ಕಪಕ್ಕದ ಮನೆಯವರನ್ನು ಕರೆದು ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ ಕೂಡಿ ನೋಡುವ ಪದ್ಧತಿ ಅನೇಕ ಬಡಾವಣೆಗಳಲ್ಲಿದೆ.

ಈ ನಗರದ ಮಳೆ ಒಮ್ಮೊಮ್ಮೆ ಉಗ್ರರೂಪ ತಾಳುತ್ತದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಗೆ ಬಂದ ಮಹಾಪೂರದಲ್ಲಿ ಸಾವಿರಾರು ಜನ ಸತ್ತರು. ಅಫ್ಜಲ್‌ಗಂಜ್‌ನಲ್ಲಿ, ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಿಸೆಯ ಮರವನ್ನು ಏರಿ ಸುಮಾರು 150 ಜನ ಆ ದಿನ ಜೀವ ಉಳಿಸಿಕೊಂಡರೆಂದು ಊರು ಇಂದಿಗೂ ನೆನೆಯುತ್ತದೆ. ಪ್ರವಾಹದ ನಂತರ ನಿಜಾಮ ಸರಕಾರ ಆಹ್ವಾನಿಸಿದ್ದು ನಮ್ಮ ಎಂ. ವಿಶ್ವೇಶ್ವರಯ್ಯನವರನ್ನು. 1909ರಲ್ಲಿ ಇಲ್ಲಿಗೆ ಬಂದ ಅವರು ಮೂಸಿ ಮತ್ತು ಈಸಿ ನದಿಗಳಿಗೆ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟುವಂತೆ ಸಲಹೆ ನೀಡಿದರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಪೂರ್ಣಗೊಂಡವು. ಪ್ರವಾಹ ತಡೆಯಲು ಕಟ್ಟಿದ ಈ ಜಲಾಶಯಗಳ ನೀರೇ ದಶಕಗಳ ಕಾಲ ನಗರದ ಮನೆಗಳಿಗೂ ತೋಟಗಳಿಗೂ ಹರಿಯಿತು.

2000ದ ಆಗಸ್ಟ್ 24ರಂದು ಒಂದೇ ದಿನದಲ್ಲಿ 24 ಸೆಂ.ಮೀ. ಮಳೆ ಸುರಿಯಿತು. 2020ರ ಅಕ್ಟೋಬರ್ 13ರ ಮಳೆಯನ್ನಂತೂ ಯಾರೂ ಮರೆತಿಲ್ಲ. ಇಂತಹ ಮಳೆಯಲ್ಲಿ ಗಿಡಗಳು ಸಾಯುವುದು ಬೇರಿಗೆ ಗಾಳಿ ಸಿಗದೆ. ಕುಂಡಗಳನ್ನು ಇಟ್ಟಿಗೆಗಳ ಮೇಲೆ ಇಟ್ಟು ಕೆಳಗಿನ ರಂಧ್ರ ಮುಚ್ಚಿಕೊಳ್ಳದಂತೆ ನೋಡಿಕೊಳ್ಳಬೇಕು. ಕುಂಡದ ಕೆಳಗಿನ ತಟ್ಟೆಗಳನ್ನು ಜೂನ್‌ನಲ್ಲೇ ತೆಗೆದಿಡುವುದು ಒಳ್ಳೆಯದು. ಡೆಂಗೀ ಹರಡುವ ಸೊಳ್ಳೆ ತಟ್ಟೆಯ ನಿಂತ ನೀರಿನಲ್ಲಿ ಒಂದು ವಾರ ಹತ್ತು ದಿನಗಳಲ್ಲಿ ಮೊಟ್ಟೆಯಿಂದ ರೆಕ್ಕೆ ಬರುವ ಹಂತಕ್ಕೆ ತಲುಪುತ್ತದೆ. ಆದುದರಿಂದ ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು ತೋಟದಲ್ಲಿ ನೀರು ನಿಲ್ಲುವ ಎಲ್ಲ ಪಾತ್ರೆಗಳನ್ನೂ ಮಗುಚಿಹಾಕಬೇಕು.

ಇದೇ ಮಳೆಯನ್ನು ಹಿಡಿದಿಡುವ ಲೆಕ್ಕವೂ ಸರಳ. 100 ಚದರ ಮೀಟರ್ ತಾರಸಿಯ ಮೇಲೆ 800 ಮಿ.ಮೀ. ಮಳೆ ಬಿದ್ದರೆ ವರ್ಷಕ್ಕೆ 80,000 ಲೀಟರ್ ನೀರಾಯಿತು. ಅದರಲ್ಲಿ ಐದನೆಯ ಒಂದು ಭಾಗ ಪೋಲಾದರೂ 64,000 ಲೀಟರ್ ಇಂಗುಗುಂಡಿಯ ಮೂಲಕ ನೆಲಕ್ಕೆ ಸೇರುತ್ತದೆ.

ಶರತ್ಕಾಲ: ಹೂಗಳ ಹಬ್ಬ

ಭಾದ್ರಪದದ ಗಣೇಶ ಚೌತಿಗೆ ಬೇಕಾಗುವ ಇಪ್ಪತ್ತೊಂದು ಪತ್ರೆಗಳಲ್ಲಿ ಗರಿಕೆ, ಬಿಲ್ವ, ತುಳಸಿ, ಮಾವು, ದಾಳಿಂಬೆ, ಎಕ್ಕ, ಕಣಗಿಲೆ ಮೊದಲಾದವು ಸ್ವಂತ ಅಂಗಳದಲ್ಲಿ ಅಥವಾ ನೆರೆಯವರಲ್ಲಿ ದೊರೆಯುವಂಥವೇ. ಮಹಾಲಯ ಅಮಾವಾಸ್ಯೆಯಿಂದ ಒಂಬತ್ತು ದಿನ ತೆಲಂಗಾಣದ ಬತುಕಮ್ಮ ಹಬ್ಬ. 2014ರಿಂದ ಇದು ರಾಜ್ಯದ ಹಬ್ಬವೆಂದು ಘೋಷಿತವಾಗಿದೆ. ಬತುಕಮ್ಮನನ್ನು ಕಟ್ಟುವ ತಂಗೇಡು ಹೂವು ನಮ್ಮ ತಂಗಡಿ ಅಥವಾ ಆವರಿಕೆ. ತೆಲಂಗಾಣದ ರಾಜ್ಯಪುಷ್ಪವೂ ಅದೇ. ಗುನುಗು ಎಂದರೆ ನಮ್ಮ ಹೊಲಗಳಲ್ಲಿ ಬೆಳೆಯುವ ಅಣ್ಣೆಸೊಪ್ಪಿನ ಹೂ. ರಾಜ್ಯವೃಕ್ಷವಾದ ಜಮ್ಮಿಯೆಂದರೆ ವಿಜಯದಶಮಿಯಂದು 'ಬನ್ನಿ ತಗೊಂಡು ಬಂಗಾರದಂಗ ಇರೋಣ' ಎಂದು ನಾವು ಹಂಚಿಕೊಳ್ಳುವ ಬನ್ನಿ. ಹೆಸರು ಬೇರೆಯಾದರೂ ಗಿಡಗಳೂ ಅವುಗಳನ್ನು ಕಾಣುವ ಭಕ್ತಿಯೂ ಎರಡು ನಾಡುಗಳಲ್ಲಿ ಒಂದೇ ಆಗಿವೆ.

ದಸರೆಗೆ ಚೆಂಡುಹೂ ಬೇಕಾದರೆ ಜುಲೈ ಮಧ್ಯದೊಳಗೆ ಬೀಜ ಹಾಕಿರಬೇಕು. ಸೇವಂತಿಗೆ ರಾತ್ರಿ ದೀರ್ಘವಾದಾಗ ಮೊಗ್ಗು ಬಿಡುವ ಗಿಡ. ಜುಲೈ ಆಗಸ್ಟ್‌ನಲ್ಲಿ ಕುಡಿ ಚಿವುಟಿ ಗಿಡವನ್ನು ಪೊದೆಯಾಗಿಸಿಕೊಂಡರೆ ನವೆಂಬರ್ ಡಿಸೆಂಬರ್‌ನಲ್ಲಿ ತುಂಬ ಹೂ ಬರುತ್ತದೆ. ಬೀದಿದೀಪದ ಅಥವಾ ರಾತ್ರಿಯಿಡೀ ಉರಿಯುವ ಬಾಲ್ಕನಿ ದೀಪದ ಬೆಳಕು ನೇರವಾಗಿ ಬಿದ್ದರೆ ಗಿಡಕ್ಕೆ ರಾತ್ರಿಯೇ ಆಗದೆ ಹೂವು ತಡವಾಗುತ್ತದೆ. ಎಲ್ಲ ಆರೈಕೆಯ ನಂತರವೂ ಸೇವಂತಿಗೆ ಹೂ ಬಿಡದಿದ್ದರೆ ಮೊದಲು ದೀಪದ ಕಡೆಗೆ ನೋಡಬೇಕು.

ಗುಲಾಬಿಯನ್ನು ಅಕ್ಟೋಬರ್ ಮೊದಲೆರಡು ವಾರಗಳಲ್ಲಿ, ಮಳೆ ಬಿಡುವು ಕೊಟ್ಟಾಗ ಕತ್ತರಿಸಬೇಕು. ಒಣ ಮತ್ತು ತೆಳು ಕಡ್ಡಿಗಳನ್ನು ತೆಗೆದು, ಬಲವಾದ ಮೂರು ನಾಲ್ಕು ಕೊಂಬೆಗಳನ್ನು ಹೊರಮುಖದ ಕಣ್ಣಿನ ಮೇಲೆ ಓರೆಯಾಗಿ ಕತ್ತರಿಸಿ ಗೊಬ್ಬರ ಕೊಟ್ಟರೆ ಸುಮಾರು ಏಳು ವಾರಗಳಲ್ಲಿ ಮೊದಲ ಹೂಗಳು ಬರುತ್ತವೆ. ಟೊಮೇಟೊ, ಎಲೆಕೋಸು, ಹೂಕೋಸುಗಳ ಸಸಿ ಮಾಡಿಕೊಳ್ಳುವುದಕ್ಕೂ ಇದೇ ಸಮಯ.

ಚಳಿಗಾಲ: ನವೆಂಬರ್‌ನಿಂದ ಫೆಬ್ರುವರಿ

ಹೈದರಾಬಾದಿನ ತೋಟಕ್ಕೆ ನಿಜವಾದ ಸುಗ್ಗಿ ಈ ನಾಲ್ಕು ತಿಂಗಳು. ರಾತ್ರಿಯ ಉಷ್ಣಾಂಶ ಸಾಮಾನ್ಯವಾಗಿ 13ರಿಂದ 16 ಡಿಗ್ರಿ. ನಗರದ ಹೊರವಲಯದ ಪಟಾನ್‌ಚೆರು, ರಾಜೇಂದ್ರನಗರಗಳಲ್ಲಿ ಕೆಲವೊಮ್ಮೆ 10ಕ್ಕಿಂತ ಕೆಳಗೆ ಇಳಿಯುವುದುಂಟು. ಹಗಲಿನ ಬಿಸಿಲು ಹಿತವಾಗಿರುತ್ತದೆ. ಮೆಂತ್ಯ, ಕೊತ್ತಂಬರಿ, ಪಾಲಕ, ಮೂಲಂಗಿ, ಗಜ್ಜರಿ, ಬಟಾಣಿ ಇವೆಲ್ಲ ಅಕ್ಟೋಬರ್ ಕೊನೆಯಿಂದ ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಬಿತ್ತಿದರೆ ಮನೆಗೆ ನಿರಂತರವಾಗಿ ಒದಗುತ್ತವೆ. ಕೊತ್ತಂಬರಿ ಬೀಜವನ್ನು ಚಪ್ಪಲಿಯಿಂದಲೋ ಗುಂಡುಕಲ್ಲಿನಿಂದಲೋ ಮೆಲ್ಲಗೆ ಉಜ್ಜಿ ಎರಡು ಹೋಳಾಗಿಸಿ ಬಿತ್ತುವ ಹಳೆಯ ಕ್ರಮವೇ ಸರಿ. ಒಂದು ಕಾಳಿನೊಳಗೆ ಎರಡು ಬೀಜಗಳಿರುತ್ತವೆ.

ಜುಲೈ ಆಗಸ್ಟ್‌ನಲ್ಲಿ ಹಾಕಿದ ಅವರೆಯ ಬಳ್ಳಿ ಈಗ ಫಲ ಕೊಡುತ್ತದೆ. ನಾಟಿ ಅವರೆಯೂ ಹಗಲು ಚಿಕ್ಕದಾದಾಗಲೇ ಹೂ ಬಿಡುವ ಜಾತಿ. ಮಳೆಗಾಲದಲ್ಲಿ ಬರಿ ಎಲೆ ಬೆಳೆಯಿತೆಂದು ಅವಸರಪಟ್ಟು ಬಳ್ಳಿಯನ್ನು ಕೀಳಬಾರದು. ಮೈಸೂರು ಸೀಮೆಯಿಂದ ತಂದ ಅವರೆಯ ಬೀಜ ಇಲ್ಲಿ ಚೆನ್ನಾಗಿಯೇ ಬರುತ್ತದೆ. ಎಳೆ ಕುಡಿಗಳಿಗೆ ಕಪ್ಪು ಹೇನು ಮುತ್ತಿದರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಸ್ವಲ್ಪ ಸಾಬೂನಿನೊಂದಿಗೆ ಕದಡಿ ಸಂಜೆ ಸಿಂಪಡಿಸಬೇಕು. ಗುಲಾಬಿ, ಬಟಾಣಿಗಳ ಎಲೆಯ ಮೇಲೆ ಬಿಳಿಯ ಬೂದಿ ಕಂಡರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ ಬಳಸಬಹುದು. ಬೇವಿನೆಣ್ಣೆಯನ್ನೂ ಗಂಧಕವನ್ನೂ ಒಂದೇ ವಾರದಲ್ಲಿ ಬಳಸಿದರೆ ಎಲೆ ಸುಡುತ್ತದೆ. ನಡುವೆ ಕನಿಷ್ಠ ಎರಡು ವಾರಗಳ ಅಂತರ ಬೇಕು.

ಕಾರ್ತಿಕ ಶುದ್ಧ ದ್ವಾದಶಿಯಂದು ತುಳಸಿ ವಿವಾಹ. ಬೃಂದಾವನದಲ್ಲಿ ತುಳಸಿಯ ಜೊತೆ ನೆಲ್ಲಿಯ ಕೊಂಬೆ ನೆಡುವುದು ನಮ್ಮ ಸಂಪ್ರದಾಯ. ಹಬ್ಬದ ನಂತರದ ಚಳಿಯಲ್ಲಿ ತುಳಸಿ ಸೊರಗುವುದು ಸಹಜ. ಕದಿರುಗಳನ್ನು ಬಲಿಯಲು ಬಿಡದೆ ಚಿವುಟುತ್ತಿದ್ದರೆ ಗಿಡ ಹೆಚ್ಚು ಕಾಲ ಬಾಳುತ್ತದೆ. ಒಂದೆರಡು ಕದಿರುಗಳನ್ನು ಬೀಜಕ್ಕೆ ಉಳಿಸಿಕೊಂಡರೆ ಮುಂದಿನ ಮಳೆಗಾಲಕ್ಕೆ ಹೊಸ ಸಸಿಗಳು ಸಿದ್ಧ.

ಮಲ್ಲಿಗೆಯ ಕೆಲಸವೂ ಇದೇ ಕಾಲದ್ದು. ಮೈಸೂರು, ಉಡುಪಿ, ಹಡಗಲಿ ಮಲ್ಲಿಗೆಗಳು ಮೂರೂ ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿವೆ. ಆ ಊರುಗಳವರು ತಮ್ಮ ಬಳ್ಳಿಯ ಕಡ್ಡಿಯನ್ನು ಇಲ್ಲಿಗೂ ತಂದು ಬೇರು ಬರಿಸುತ್ತಾರೆ. ಈ ನಗರದ ಅಂಗಳಗಳಲ್ಲಿ ಹೆಚ್ಚಾಗಿ ಕಾಣುವುದು ದುಂಡುಮಲ್ಲಿಗೆ. ಡಿಸೆಂಬರ್‌ನಲ್ಲಿ ಹತ್ತು ಹದಿನೈದು ದಿನ ನೀರು ಕಡಿಮೆ ಮಾಡಿ, ಎಲೆ ಬಾಡಿದ ಮೇಲೆ ಗಿಡವನ್ನು ಮೊಳಕಾಲೆತ್ತರಕ್ಕೆ ಕತ್ತರಿಸಿ, ಬುಡ ಬಿಡಿಸಿ ಗೊಬ್ಬರ ಹಾಕಬೇಕು. ಜನವರಿಯಿಂದ ಮತ್ತೆ ನೀರು ಕೊಟ್ಟರೆ ಮಾರ್ಚ್ ವೇಳೆಗೆ ಮೊಗ್ಗು ತುಂಬುತ್ತದೆ. ಕತ್ತರಿಸಲು ಮನಸ್ಸಾಗದೆ ಬಿಟ್ಟ ಗಿಡ ಹಳೆಯ ಕಡ್ಡಿಗಳನ್ನೇ ಹೊತ್ತು ನಿಂತು ಬೇಸಗೆಯಲ್ಲಿ ನಾಲ್ಕೇ ಹೂ ಕೊಡುತ್ತದೆ.

ಜನವರಿಯಲ್ಲಿ ನಾಂಪಲ್ಲಿಯ ನುಮಾಯಿಷ್‌ಗೆ ಹೋಗದ ಕುಟುಂಬವಿರಲಾರದು. 1938ರಲ್ಲಿ ಪಬ್ಲಿಕ್ ಗಾರ್ಡನ್ಸ್‌ನಲ್ಲಿ ಆರಂಭವಾದ ಪ್ರದರ್ಶನವಿದು. ನೆಕ್ಲೆಸ್ ರಸ್ತೆಯ ಪೀಪಲ್ಸ್ ಪ್ಲಾಜಾದಲ್ಲಿ ನಡೆಯುವ ನರ್ಸರಿ ಮೇಳಗಳಲ್ಲಿ ಪೆಟೂನಿಯಾ, ಡೇಲಿಯಾ, ಸಾಲ್ವಿಯಾಗಳು ಮನ ಸೆಳೆಯುತ್ತವೆ. ಇವೆಲ್ಲ ಮಾರ್ಚ್ ಮುಗಿಯುವುದರೊಳಗೆ ಮುಗಿಯುವ ಗಿಡಗಳು ಎಂಬುದನ್ನು ಅರಿತು ಕೊಳ್ಳಬೇಕು. ಬೇಸಗೆಗೆ ಬೇಕಾದ ಬೆಂಡೆ, ಚವಳಿ, ಸೌತೆ, ಸೋರೆಗಳನ್ನು ಜನವರಿ ಕೊನೆಯಿಂದ ಫೆಬ್ರುವರಿ ಮಧ್ಯದೊಳಗೆ ಬಿತ್ತಿದರೆ ಉರಿಬಿಸಿಲಿಗೆ ಮೊದಲೇ ಬಳ್ಳಿ ಬಲಿತಿರುತ್ತದೆ. ಮಾವಿನ ಮರ ಹೂ ಬಿಟ್ಟಿರುವಾಗ ನೀರು ಕೊಡದೆ, ಕಾಯಿ ಬಟಾಣಿಯ ಗಾತ್ರಕ್ಕೆ ಬಂದ ಮೇಲೆ ಆರಂಭಿಸಬೇಕು.

ವಸಂತ ಮತ್ತು ಬೇಸಗೆ: ತೋಟದ ಪರೀಕ್ಷೆ

ಯುಗಾದಿಯ ಹೊತ್ತಿಗೆ ಬೇವು ಹೂ ಬಿಡುತ್ತದೆ, ಹೊಂಗೆ ಚಿಗುರುತ್ತದೆ, ಕೋಗಿಲೆ ಕೂಗುತ್ತದೆ. 2021ರಲ್ಲಿ ತೆಲಂಗಾಣದ ಅನೇಕ ಕಡೆ ಬೇವಿನ ಮರಗಳ ಕೊಂಬೆಯ ತುದಿಗಳು ಒಣಗಿ ಜನ ಗಾಬರಿಗೊಂಡರು. ಇದು ಶಿಲೀಂಧ್ರದಿಂದ ಬರುವ ರೋಗ. ಬಹುತೇಕ ಮರಗಳು ಮತ್ತೆ ಚಿಗುರುತ್ತವೆ, ಒಣಗಿತೆಂದು ಕಡಿಯಬಾರದು.

ಒಂದು ಕಾಲಕ್ಕೆ ಈ ನಗರದ ದ್ರಾಕ್ಷಿ, ಅದರಲ್ಲೂ ಅನಾಬ್-ಎ-ಶಾಹಿ ತಳಿ, ದೇಶದಲ್ಲೇ ಹೆಸರುವಾಸಿ. ಅಂಗಳದಲ್ಲಿ ಚಪ್ಪರ ಹಾಕಿ ದ್ರಾಕ್ಷಿ ಬೆಳೆಸಿದ ಮನೆಗಳು ಈಗಲೂ ಅಲ್ಲಲ್ಲಿ ಉಂಟು. ದಖ್ಖನ್ನಿನಲ್ಲಿ ದ್ರಾಕ್ಷಿಗೆ ವರ್ಷಕ್ಕೆ ಎರಡು ಕತ್ತರಿ: ಹಣ್ಣು ಕಿತ್ತ ಮೇಲೆ ಏಪ್ರಿಲ್‌ನಲ್ಲಿ ಒಂದು, ಫಲಕ್ಕಾಗಿ ಅಕ್ಟೋಬರ್‌ನಲ್ಲಿ ಇನ್ನೊಂದು.

ಬೇಸಗೆಯ ಬಹುದೊಡ್ಡ ಪ್ರಶ್ನೆ ನೀರಿನದು. ಹನ್ನೆರಡು ಅಂಗುಲದ ಒಂದು ಕುಂಡಕ್ಕೆ ಮೇ ತಿಂಗಳಲ್ಲಿ ದಿನಕ್ಕೆ ಒಂದರಿಂದ ಎರಡು ಲೀಟರ್ ನೀರು ಬೇಕು. ಮೂವತ್ತು ಕುಂಡಗಳಿದ್ದರೆ ದಿನಕ್ಕೆ 30ರಿಂದ 60 ಲೀಟರ್. ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾಯುವ ಅಪಾರ್ಟ್‌ಮೆಂಟಿನಲ್ಲಿ ಇಷ್ಟನ್ನು ಒದಗಿಸುವುದು ಕಷ್ಟ, ನೆರೆಯವರ ಕಣ್ಣಿಗೂ ಅದು ಹಿತವಲ್ಲ. ಆದುದರಿಂದ ಫೆಬ್ರುವರಿಯಲ್ಲೇ ಲೆಕ್ಕ ಹಾಕಿ, ಕಾಪಾಡಬಲ್ಲಷ್ಟು ಗಿಡಗಳನ್ನು ಮಾತ್ರ ಇಟ್ಟುಕೊಳ್ಳುವುದು ವಿವೇಕ. ತರಕಾರಿ, ಅಕ್ಕಿ, ಬೇಳೆ ತೊಳೆದ ನೀರನ್ನು ಒಂದು ಬಕೆಟ್ಟಿನಲ್ಲಿ ಕೂಡಿಸಿದರೆ ದಿನಕ್ಕೆ ಹತ್ತು ಲೀಟರಿಗೆ ಕಡಿಮೆಯಾಗದು. ಆರ್.ಓ. ಯಂತ್ರದಿಂದ ಹೊರಬರುವ ನೀರಿನಲ್ಲಿ ಲವಣ ಹೆಚ್ಚು. ಅಷ್ಟೇ ಪ್ರಮಾಣದ ಒಳ್ಳೆಯ ನೀರಿನೊಂದಿಗೆ ಬೆರೆಸಿ, ಕಣಗಿಲೆ, ಕಾಗದದ ಹೂವಿನಂತಹ ಗಟ್ಟಿ ಗಿಡಗಳಿಗೆ ಹಾಕಬಹುದು. ಬಟ್ಟೆ ತೊಳೆದ ಸಾಬೂನು ನೀರು ಸೊಪ್ಪು ತರಕಾರಿಗಳಿಗೆ ಬೇಡ.

ನೀರನ್ನು ಬೆಳಗ್ಗೆ ಏಳು ಗಂಟೆಯೊಳಗೆ ಅಥವಾ ಸೂರ್ಯಾಸ್ತದ ನಂತರ ಕೊಡಬೇಕು. ಬಿಸಿಲಿಗೆ ಕಾದ ಪೈಪಿನ ಮೊದಲ ನೀರು ಬೇರನ್ನು ಬೇಯಿಸುವಷ್ಟು ಬಿಸಿಯಾಗಿರುತ್ತದೆ. ಅದನ್ನು ಬಕೆಟ್ಟಿಗೆ ಬಿಟ್ಟು ಆರಿಸಬೇಕು. ಕುಂಡದ ಮಣ್ಣಿನ ಮೇಲೆ ಎರಡು ಅಂಗುಲ ಒಣ ಎಲೆ ಹೊದಿಸುವುದು, ಶೇಕಡಾ 50ರ ಹಸಿರು ನೆರಳುಬಲೆ ಕಟ್ಟುವುದು, ಸಣ್ಣ ಕುಂಡಗಳನ್ನು ದೊಡ್ಡ ಗಿಡಗಳ ಪೂರ್ವ ಬದಿಗೆ ಒತ್ತಾಗಿ ಜೋಡಿಸುವುದು, ಈ ಮೂರರಿಂದ ನೀರಿನ ಅಗತ್ಯ ಗಣನೀಯವಾಗಿ ತಗ್ಗುತ್ತದೆ. ಈ ಕಾಲದಲ್ಲಿ ಗೊಬ್ಬರ ಹಾಕುವುದು, ಕುಂಡ ಬದಲಿಸುವುದು, ಕತ್ತರಿಸುವುದು ಸಲ್ಲ.

ಶಾಲೆಗೆ ರಜೆ ಬಂದು, ಏಪ್ರಿಲ್ ಕೊನೆಯ ವಾರದಿಂದ ಜೂನ್ ಎರಡನೆಯ ವಾರದವರೆಗೆ, ಕುಟುಂಬಗಳು ಊರಿಗೆ ಹೊರಡುವುದೂ ಇದೇ ಬಿರುಬಿಸಿಲಿನಲ್ಲಿ. ಹೆಚ್ಚಿನ ಕೈತೋಟಗಳು ನಾಶವಾಗುವುದು ಈ ಗೈರುಹಾಜರಿಯಲ್ಲೇ. ನಾಲ್ಕೈದು ದಿನಗಳ ಪ್ರವಾಸವಾದರೆ ಹಳೆಯ ಮಡಕೆಯ ಉಪಾಯ ಸಾಕು. ಬಣ್ಣ ಹಚ್ಚದ, ಒಡಕಿಲ್ಲದ ಸಣ್ಣ ಮಣ್ಣಿನ ಗಡಿಗೆಯನ್ನು ದೊಡ್ಡ ಕುಂಡದಲ್ಲಿ ಕುತ್ತಿಗೆಯವರೆಗೆ ಹೂತು, ನೀರು ತುಂಬಿ ಬಾಯಿ ಮುಚ್ಚಿದರೆ ಮಣ್ಣು ಒಣಗಿದಂತೆಲ್ಲ ನೀರು ತಾನಾಗಿ ಜಿನುಗುತ್ತದೆ. ಸಣ್ಣ ಕುಂಡಗಳನ್ನು ನೆರಳಿನ ಮೂಲೆಯಲ್ಲಿ ಕೂಡಿಸಿ, ಬಕೆಟ್ಟಿನಿಂದ ಪ್ರತಿ ಕುಂಡಕ್ಕೂ ಹತ್ತಿಯ ಬತ್ತಿ ಎಳೆಯಬಹುದು. ತಿಂಗಳ ಪ್ರವಾಸಕ್ಕೆ ಇವು ಸಾಲವು. ರಜೆಯ ದಿನಗಳು ಬೇರೆ ಬೇರೆಯಾಗಿರುವ ಎರಡು ಮೂರು ಮನೆಗಳವರು ಒಬ್ಬರ ಗಿಡಗಳನ್ನು ಒಬ್ಬರು ನೋಡಿಕೊಳ್ಳುವ ಏರ್ಪಾಡು ಎಲ್ಲಕ್ಕಿಂತ ನಂಬಿಕೆಯದು. ಹೊರಡುವ ಮುನ್ನ ಯಾವ ಗಿಡಕ್ಕೆ ಎಷ್ಟು ತಂಬಿಗೆ ಎಂದು ಬರೆದಿಟ್ಟರೆ ನೋಡಿಕೊಳ್ಳುವವರಿಗೂ ಅನುಕೂಲ. ಹಕ್ಕಿಗಳಿಗೆ ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ನೀರಿಡುವುದನ್ನೂ ಅವರಿಗೆ ವಹಿಸಬಹುದು. ತಟ್ಟೆಯನ್ನು ದಿನವೂ ತೊಳೆಯಬೇಕಷ್ಟೆ.

ಇಷ್ಟೆಲ್ಲದರ ಪ್ರತಿಫಲವೆಂಬಂತೆ ದುಂಡುಮಲ್ಲಿಗೆ ಮಾರ್ಚ್‌ನಿಂದ ಜೂನ್‌ವರೆಗೆ ಸುರಿಯುತ್ತದೆ. ಬಿಸಿಲು ಹೆಚ್ಚಿದಷ್ಟೂ ಅದಕ್ಕೆ ಹೂ ಹೆಚ್ಚು. ಕಾಗದದ ಹೂ, ನಿತ್ಯಪುಷ್ಪ, ಟೇಬಲ್ ರೋಸ್ ಗಿಡಗಳೂ ಈ ಬಿಸಿಲಿಗೆ ಅಂಜುವುದಿಲ್ಲ.

ತಾರಸಿ ತೋಟ ಮಾಡುವವರಿಗೆ

ಕಾಚಿಗುಡ, ಬರ್ಕತ್‌ಪುರ, ಹಿಮಾಯತ್‌ನಗರಗಳ ಕಾಂಪೌಂಡ್ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಾದಂತೆ ತೋಟ ನೆಲದಿಂದ ತಾರಸಿಗೆ ಏರಿದೆ. ಇಲ್ಲಿ ಗಮನಿಸಬೇಕಾದದ್ದು ಭಾರ. ಒದ್ದೆ ಮಣ್ಣು ಒಂದು ಘನ ಮೀಟರಿಗೆ ಸುಮಾರು 1,700 ಕಿಲೋ ತೂಗುತ್ತದೆ. ಒಂದು ಅಡಿ ಆಳದ ಮಣ್ಣಿನ ಮಡಿಯೆಂದರೆ ಚದರ ಮೀಟರಿಗೆ 500 ಕಿಲೋ. ಜನ ಓಡಾಡುವ ಸಾಮಾನ್ಯ ತಾರಸಿಯನ್ನು ಚದರ ಮೀಟರಿಗೆ ಸುಮಾರು 150 ಕಿಲೋ ಹೊರುವಂತೆ ಮಾತ್ರ ವಿನ್ಯಾಸಗೊಳಿಸಲಾಗಿರುತ್ತದೆ. ಆದುದರಿಂದ ಎಂಜಿನಿಯರರನ್ನು ಕೇಳದೆ ತಾರಸಿಯ ಮೇಲೆ ಮಣ್ಣು ಸುರಿಯಬಾರದು. ಮೂರನೆಯ ಒಂದು ಪಾಲು ಮಣ್ಣು, ಉಳಿದದ್ದು ತೆಂಗಿನ ನಾರಿನ ಪುಡಿ ಮತ್ತು ಕಾಂಪೋಸ್ಟ್ ಬೆರೆಸಿದರೆ ತೂಕ ಬಹಳಷ್ಟು ಇಳಿಯುತ್ತದೆ. ದೊಡ್ಡ ಕುಂಡಗಳನ್ನು ನಡು ತಾರಸಿಯಲ್ಲಿ ಇಡದೆ ತೊಲೆ ಮತ್ತು ಕಂಬಗಳಿರುವ ಅಂಚಿನಲ್ಲಿ ಇಡಬೇಕು. ಕೆಳಗಿನ ಮನೆಯ ಸೂರಿನಲ್ಲಿ ತೇವ ಕಂಡರೆ ತೋಟವನ್ನು ಮೊದಲು ಸರಿಸಿ, ಆಮೇಲೆ ದುರಸ್ತಿಯ ಮಾತು.

ನರ್ಸರಿಯಲ್ಲಿ ಕೇಳಬೇಕಾದ ಹೆಸರುಗಳು

ಕನ್ನಡದ ಹೆಸರು ಹೇಳಿ ಬೇರೆ ಗಿಡ ತಂದವರು ನಮ್ಮಲ್ಲಿ ಕಡಿಮೆಯಿಲ್ಲ. ಇಲ್ಲಿ 'ಮಂದಾರ' ಎಂದು ಕೇಳಿದರೆ ದಾಸವಾಳ ಕೊಡುತ್ತಾರೆ. ನಮ್ಮ ಬಿಳಿಯ ಮಂದಾರ ಬೇರೆಯೇ ಗಿಡ. ತೆಲುಗಿನ ಕೆಲವು ಹೆಸರುಗಳು ಹೀಗಿವೆ:

ಹೂಗಳು: ದುಂಡುಮಲ್ಲಿಗೆ - ಮಲ್ಲೆ, ಕಣಗಿಲೆ - ಗನ್ನೇರು, ನಂದಿಬಟ್ಟಲು - ನಂದಿವರ್ಧನಂ, ಸಂಪಿಗೆ - ಸಂಪೆಂಗ, ಸೇವಂತಿಗೆ - ಚಾಮಂತಿ, ಚೆಂಡುಹೂ - ಬಂತಿ, ಅಬ್ಬಲಿಗೆ - ಕನಕಾಂಬರಂ, ಮರುಗ - ಮರುವಂ.

ಹಣ್ಣು ಮತ್ತು ಪತ್ರೆ: ಸೀಬೆ - ಜಾಮ, ದಾಳಿಂಬೆ - ದಾನಿಮ್ಮ, ನೆಲ್ಲಿ - ಉಸಿರಿ, ನಿಂಬೆ - ನಿಮ್ಮ, ಬಿಲ್ವ - ಮಾರೇಡು, ಬನ್ನಿ - ಜಮ್ಮಿ, ಕರಿಬೇವು - ಕರಿವೇಪಾಕು.

ತರಕಾರಿ ಮತ್ತು ಸೊಪ್ಪು: ಹೀರೆ - ಬೀರ, ಹಾಗಲ - ಕಾಕರ, ಸೋರೆ - ಸೊರ ಅಥವಾ ಆನಪ, ಪಡವಲ - ಪೊಟ್ಲ, ತೊಂಡೆ - ದೊಂಡ, ಅವರೆ - ಚಿಕ್ಕುಡು, ಚವಳಿ - ಗೋರುಚಿಕ್ಕುಡು, ನುಗ್ಗೆ - ಮುನಗ, ಹರಿವೆ - ತೋಟಕೂರ, ಬಸಳೆ - ಬಚ್ಚಲಿ, ಹೊನಗೊನ್ನೆ - ಪೊನ್ನಗಂಟಿ, ಪುಂಡಿ - ಗೋಂಗೂರ.

ಉತ್ತಮ ಬೀಜ ಮತ್ತು ಕಸಿ ಗಿಡಗಳಿಗೆ ರಾಜೇಂದ್ರನಗರದ ಕೃಷಿ ವಿಶ್ವವಿದ್ಯಾಲಯದ ಆವರಣ, ಸಂಗಾರೆಡ್ಡಿಯ ಹಣ್ಣಿನ ಸಂಶೋಧನಾ ಕೇಂದ್ರಗಳಲ್ಲಿ ವಿಚಾರಿಸಬಹುದು. ಊರಿನಿಂದ ಬೀಜ ತರುವವರು ಒಂದು ಹಿಡಿ ಹೆಚ್ಚಾಗಿಯೇ ತರಲಿ. ಸಣ್ಣ ಕಾಗದದ ಪೊಟ್ಟಣದಲ್ಲಿ ಗಿಡದ ಹೆಸರು, ಊರು, ಬಿತ್ತುವ ತಿಂಗಳು ಬರೆದು ರಾಜ್ಯೋತ್ಸವ, ಯುಗಾದಿಯ ಕೂಟಗಳಲ್ಲಿ ಹಂಚಿಕೊಂಡರೆ ಒಬ್ಬರ ಅಂಗಳದಲ್ಲಿ ಬೇಸಗೆಗೆ ಸೋತ ತಳಿ ಇನ್ನೊಬ್ಬರಲ್ಲಿ ಉಳಿದಿರುತ್ತದೆ. ಮೃಗಶಿರಾ ಮಳೆಗೆ ಮತ್ತೆ ಅದನ್ನು ಕೇಳಿ ತರಬಹುದು.